ಟ್ರೈಡಾಕ್ಸ್ ಹೂವಿನಲ್ಲಿ ಹೊತ್ತು ನೋಡುವುದು ಹೇಗೆ

ಮೂವತ್ತೊಂದು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು ನಾನು. ಬಲಗಣ್ಣಿನ ಗುಳಿಯಲ್ಲಿ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂತರೆ ಉಳಿದದ್ದೆಲ್ಲ ಮರೆತುಹೋಗುತ್ತಿತ್ತು. ಆ ಲೂಪನ್ನು ಮೊದಲ ಸಲ ಹೂವೊಂದರ ಮೇಲೆ ಹಿಡಿದದ್ದು ಅಕ್ಕನ ಮಾತಿಗೆ. ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹಿತ್ತಲಿನ ಚಪ್ಪಡಿಗಳ ಸಂದಿಯಲ್ಲಿ ಬೆಳೆದಿದ್ದ ಟ್ರೈಡಾಕ್ಸ್ ಗಿಡಗಳನ್ನು ಕಳೆಯೆಂದು ನಾನು ಕೀಳುತ್ತಿದ್ದಾಗ ಬಂದು ಮೊಣಕೈ ಹಿಡಿದಳು. “ಒಂದೇ ಒಂದು ಹೂ ಕಿತ್ತು ನಿನ್ನ ಲೂಪಿನಲ್ಲಿ ನೋಡೋ. ಅದು ಒಂದು ಹೂವಲ್ಲ, ಒಂದು ಊರು. ನೋಡಿದ ಮೇಲೂ ಕೀಳಬೇಕು ಅನ್ನಿಸಿದರೆ ಕೀಳು.”

ನೋಡಿದೆ. ಅವತ್ತು ಉಳಿದ ಗಿಡಗಳು ಇವತ್ತಿಗೂ ಅಲ್ಲಿವೆ. ಆಮೇಲಿನ ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಹೇಳಬೇಕಾದ್ದು ಒಂದೇ: ಡಯಲ್ ನೋಡಿ ಹೊತ್ತು ಹೇಳುವಂತೆ, ಟ್ರೈಡಾಕ್ಸ್ ಹೂವಿನ ಮುಖ ನೋಡಿ ಅದರ ವಯಸ್ಸನ್ನು ಹೇಳಬಹುದು. ಅದನ್ನು ಓದಲು ಯಾರಿಗಾದರೂ ಬರುತ್ತದೆ. ಒಂದು ಬೆಳಗಿನ ಅಭ್ಯಾಸ ಸಾಕು.

ಸಾಮಾನು ಹೆಚ್ಚೇನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಅಥವಾ ಭೂತಗನ್ನಡಿ, ಹೊಸ ಬ್ಲೇಡು, ಒಂದು ಚಿಮುಟ, ಒಂದು ಗುಂಡುಸೂಜಿ, ಒಂದು ಬಿಳಿ ಹಾಳೆ, ಒಂದು ಕಪ್ಪು ಹಾಳೆ, ಬಣ್ಣದ ದಾರ, ಬರೆದುಕೊಳ್ಳಲು ಪುಸ್ತಕ. ಲೂಪ್ ಬಳಸುವಾಗ ಹೊಸಬರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಗಾಜನ್ನು ಹೂವಿನ ಹತ್ತಿರ ಹಿಡಿದು ದೂರದಿಂದ ಇಣುಕುತ್ತಾರೆ. ಹಾಗಲ್ಲ. ಗಾಜು ಕಣ್ಣಿಗೆ ಅಂಟಿಕೊಂಡಂತೆ ಇರಬೇಕು, ಹೂವನ್ನು ಅದರ ಬಳಿಗೆ ತರಬೇಕು. ಹತ್ತು ಪಟ್ಟಿನ ಗಾಜಿಗೆ ಹೂ ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ಬಂದಾಗ ಚಿತ್ರ ತಟ್ಟನೆ ಚೊಕ್ಕವಾಗುತ್ತದೆ. ಅಂಗೈಗಳ ಬುಡಗಳನ್ನು ಒಂದಕ್ಕೊಂದು ತಾಗಿಸಿಕೊಂಡರೆ ಕೈ ನಡುಗುವುದಿಲ್ಲ. ಬೆಳಕು ಪಕ್ಕದಿಂದ ಬೀಳಲಿ, ಬೆನ್ನ ಹಿಂದಿನಿಂದ ಬಿದ್ದರೆ ನಿಮ್ಮ ತಲೆಯ ನೆರಳೇ ಅಡ್ಡ ಬರುತ್ತದೆ. ಬಿಸಿಲಲ್ಲಿ ಲೂಪ್ ಇಟ್ಟುಕೊಂಡು ಸೂರ್ಯನ ಕಡೆ ಮಾತ್ರ ಎಂದೂ ತಿರುಗಬೇಡಿ, ಕಣ್ಣು ಹೋಗುತ್ತದೆ.

ಗಿಡ ಇದೇ ಹೌದೇ ಎಂದು ಖಾತ್ರಿಪಡಿಸಿಕೊಳ್ಳುವುದು

ಇದರ ಶಾಸ್ತ್ರೀಯ ಹೆಸರು ಟ್ರೈಡಾಕ್ಸ್ ಪ್ರೊಕಂಬೆನ್ಸ್. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಪುಸ್ತಕಗಳಲ್ಲಿ ಗಬ್ಬು ಸಣ್ಣ ಶಾವಂತಿ ಎಂಬ ಕನ್ನಡ ಹೆಸರೂ ಸಿಗುತ್ತದೆ, ಆದರೆ ನಮ್ಮ ಮನೆಯಲ್ಲಿ ಅಕ್ಕನ ದೆಸೆಯಿಂದ ಟ್ರೈಡಾಕ್ಸ್ ಎಂದೇ ರೂಢಿ. ಪ್ರೊಕಂಬೆನ್ಸ್ ಎಂದರೆ ನೆಲದ ಮೇಲೆ ಮಲಗಿದ್ದು. ಹೆಸರೇ ಮೊದಲ ಗುರುತು ಕೊಡುತ್ತದೆ: ಕಾಂಡ ನೆಲಕ್ಕೆ ಒರಗಿ ಹರಡುತ್ತದೆ, ಮಣ್ಣು ತಾಗಿದ ಗೆಣ್ಣುಗಳಲ್ಲಿ ಬೇರು ಬಿಡುತ್ತದೆ, ತುದಿ ಮಾತ್ರ ತಲೆಯೆತ್ತಿಕೊಂಡಿರುತ್ತದೆ. ಮೂಲ ನೆಲೆ ಮೆಕ್ಸಿಕೋ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉಷ್ಣವಲಯ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನೇಯಸ್ 1753ರಲ್ಲಿ ಇದಕ್ಕೆ ಈ ಹೆಸರು ಕೊಟ್ಟ. ಈಗ ಬೆಚ್ಚಗಿರುವ ನಾಡುಗಳಲ್ಲೆಲ್ಲ ರಸ್ತೆಯಂಚು, ಹೊಲದ ಬದು, ಗೋಡೆಯ ಬಿರುಕು, ರೈಲು ಹಳಿಯ ಜಲ್ಲಿ, ಎಲ್ಲಿ ಬಿಸಿಲಿದೆಯೋ ಅಲ್ಲೆಲ್ಲ ಇದೆ.

ಎಲೆಗಳು ಎದುರುಬದುರು ಜೋಡಿಯಾಗಿ ಹುಟ್ಟುತ್ತವೆ, ಅಂಚಿನಲ್ಲಿ ಗರಗಸದಂಥ ಒರಟು ಹಲ್ಲು, ಎರಡೂ ಮುಖದಲ್ಲಿ ರೋಮ. ಬೆರಳಿಂದ ಸವರಿದರೆ ತುಸು ಒರಟೆನಿಸುತ್ತದೆ. ಆದರೆ ದೂರದಿಂದಲೇ ಗುರುತು ಹಿಡಿಯಲು ಎಲೆಗಿಂತ ಹೂವಿನ ಕಡ್ಡಿ ಮೇಲು. ಎಲೆಯೇ ಇಲ್ಲದ, ರೋಮ ತುಂಬಿದ ನೀಳ ಕಡ್ಡಿಯೊಂದು ಹತ್ತರಿಂದ ಮೂವತ್ತು ಸೆಂಟಿಮೀಟರ್‌ವರೆಗೆ ನೆಟ್ಟಗೆ ಎದ್ದು, ತುದಿಯಲ್ಲಿ ಒಂದೇ ಒಂದು ಹೂ ಹೊತ್ತಿರುತ್ತದೆ. ಹೂ ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲ. ನಡುವೆ ಹಳದಿ, ಸುತ್ತ ಕೆನೆಬಣ್ಣದ ಎಸಳು, ಹೆಚ್ಚಾಗಿ ಐದು. ಪ್ರತಿ ಎಸಳಿನ ತುದಿಯಲ್ಲೂ ಮೂರು ಹಲ್ಲು.

ಹೋಲುವ ಗಿಡಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ ಬೇರೆ ಮಾಡಿ ನೋಡಬೇಕಾದ್ದು ಪಾರ್ಥೇನಿಯಂ, ಏಕೆಂದರೆ ಅದು ಮುಟ್ಟಿದವರಲ್ಲಿ ಅನೇಕರಿಗೆ ಚರ್ಮದ ತುರಿಕೆ, ಉಸಿರಿನ ತೊಂದರೆ ತರುತ್ತದೆ. ಅದು ನೆಟ್ಟಗೆ ನಿಂತು ಸೊಂಟದೆತ್ತರ, ಕೆಲವೊಮ್ಮೆ ಇನ್ನೂ ಎತ್ತರ ಬೆಳೆಯುವ ಗಿಡ. ಎಲೆ ಕ್ಯಾರೆಟ್ ಎಲೆಯ ಹಾಗೆ ಸೀಳುಸೀಳು. ಹೂಗಳು ಜೋಳದ ಕಾಳಿನಷ್ಟು ಚಿಕ್ಕವು, ಬಿಳಿ, ಗೊಂಚಲು ಗೊಂಚಲು. ಕಡ್ಡಿಗೊಂದೇ ಹೂ ಎಂಬ ಟ್ರೈಡಾಕ್ಸ್ ನಿಯಮ ಅದಕ್ಕಿಲ್ಲ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವವರು ಈ ವ್ಯತ್ಯಾಸವನ್ನು ಮೊದಲು ತಾವು ಕಲಿತು ಆಮೇಲೆ ಹೊರಡಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಉಳಿದವು ಅಪಾಯದವಲ್ಲ. ಗರುಗದ ಅಂಚಿನ ಎಸಳುಗಳು ದಾರದಂತೆ ತೆಳ್ಳಗೆ, ಲೆಕ್ಕಕ್ಕೆ ಸಿಗದಷ್ಟು; ಅದು ಜೌಗು ನೆಲ ಇಷ್ಟಪಡುತ್ತದೆ. ಗ್ಯಾಲಿನ್ಸೋಗಕ್ಕೂ ಮೂರು ಹಲ್ಲಿನ ಐದು ಎಸಳಿರುತ್ತವೆ, ಆದರೆ ಇಡೀ ಹೂವೇ ಅರ್ಧ ಸೆಂಟಿಮೀಟರ್, ಎಸಳು ಕಂಡೂ ಕಾಣದಷ್ಟು. ಬೈಡೆನ್ಸ್ ಆದರೆ ಅದರ ಕಪ್ಪು ಸೂಜಿಯಂಥ ಬೀಜ ಬಟ್ಟೆಗೆ ಕಚ್ಚಿಕೊಂಡು ತಾನೇ ಹೆಸರು ಹೇಳುತ್ತದೆ.

ಸೀಳಿ ನೋಡುವುದು

ಬೆಳಗಿನ ಬಿಸಿಲೇರಿದ ಮೇಲೆ, ಪೂರ್ತಿ ಅರಳಿದ ಒಂದು ಹೂವನ್ನು ಒಂದಂಗುಲ ಕಡ್ಡಿಯ ಸಮೇತ ಕತ್ತರಿಸಿ ತನ್ನಿ. ಬಿಳಿ ಹಾಳೆಯ ಮೇಲೆ ಇಟ್ಟು ನಡುಮಧ್ಯಕ್ಕೆ ಬ್ಲೇಡನ್ನು ಒಂದೇ ಎಳೆತಕ್ಕೆ ಎಳೆಯಿರಿ. ಒತ್ತಬೇಡಿ, ಒತ್ತಿದರೆ ಒಳಗಿನದೆಲ್ಲ ಜಜ್ಜಿಹೋಗುತ್ತದೆ. ಬ್ಲೇಡಿನ ತೂಕವೇ ಸಾಕು. ಅರ್ಧ ಹೂವನ್ನು ಚಿಮುಟದಲ್ಲಿ ಹಿಡಿದು ಲೂಪಿಗೆ ತನ್ನಿ.

ಕೆಳಗೆ ರೋಮಭರಿತ ಹಸಿರು ಎಲೆಗಳ ಬಟ್ಟಲು. ಅದರ ಒಳಗೆ ಗುಮ್ಮಟದಂತೆ ಉಬ್ಬಿದ ಪೀಠ. ಪೀಠದ ಮೇಲೆ ಒತ್ತೊತ್ತಾಗಿ ನಿಂತ ಸಣ್ಣ ಸಣ್ಣ ಹಳದಿ ಕೊಳವೆಗಳು, ನಡುನಡುವೆ ತೆಳು ಪೊರೆಯಂಥ ಸಿಪ್ಪೆಗಳು. ಆ ಒಂದೊಂದು ಕೊಳವೆಯೂ ಒಂದೊಂದು ಹೂ. ಅಕ್ಕ ಊರು ಎಂದದ್ದು ಇದಕ್ಕೆ. ಸುತ್ತಲಿನ ಐದು ಎಸಳುಗಳೂ ಎಸಳುಗಳಲ್ಲ. ಒಂದೊಂದೂ ಒಂದು ಪೂರ್ಣ ಹೂ, ತನ್ನ ಕೊಳವೆಯ ಒಂದು ಬದಿಯನ್ನು ನಾಲಿಗೆಯಂತೆ ಹೊರಚಾಚಿದೆ. ಸೇವಂತಿಗೆ, ಸೂರ್ಯಕಾಂತಿ, ಡೇಲಿಯಾ, ಚೆಂಡುಹೂ ಎಲ್ಲಕ್ಕೂ ಇದೇ ಕಟ್ಟು. 25,000ಕ್ಕೂ ಹೆಚ್ಚು ಜಾತಿಗಳಿರುವ ಈ ಕುಟುಂಬಕ್ಕೆ ಹಿಂದೆ ಕಾಂಪೊಸಿಟೆ, ಅಂದರೆ ಕೂಡಿಸಿ ಕಟ್ಟಿದ್ದು, ಎಂಬ ಹೆಸರಿದ್ದದ್ದೂ ಇದಕ್ಕೇ.

ಈಗ ಗುಂಡುಸೂಜಿಯಿಂದ ನಡುವಿನ ಒಂದು ಕೊಳವೆಯನ್ನು ಬುಡದಿಂದ ಮೀಟಿ ಬಿಡಿಸಿ, ಕಪ್ಪು ಹಾಳೆಯ ಮೇಲೆ ಮಲಗಿಸಿ. ಬಿಳಿ ಹಾಳೆಯ ಮೇಲೆ ಇದರ ಅರ್ಧ ಸಂಗತಿ ಕಾಣುವುದೇ ಇಲ್ಲ. ಕೊಳವೆಯ ಬುಡದಲ್ಲಿ ಹಸಿರು ಬಿಳುಪಿನ ಪುಟ್ಟ ಅಂಡಾಶಯವಿದೆ, ಮುಂದೆ ಬೀಜವಾಗುವುದು ಅದೇ. ಅಂಡಾಶಯದ ನೆತ್ತಿಯಿಂದ ಹೊರಟು ಕೊಳವೆಯನ್ನು ಅಪ್ಪಿಕೊಂಡ ನವಿರಾದ ಬಿಳಿ ಕೂದಲುಗಳನ್ನು ನೋಡಿ. ಬೇರೆ ಹೂಗಳಲ್ಲಿ ಹಸಿರು ಪುಷ್ಪಪತ್ರಗಳಿರುವ ಜಾಗದಲ್ಲಿ ಇವು ಹುಟ್ಟಿವೆ. ಎಷ್ಟೋ ದಿನದ ಮೇಲೆ ಬೀಜವನ್ನು ಗಾಳಿಗೆ ಎತ್ತುವ ರೆಕ್ಕೆ, ಹೂ ಅರಳುವ ಮೊದಲೇ ತಯಾರಾಗಿ ಮಡಚಿಕೊಂಡು ಕೂತಿದೆ. ಮೊದಲ ಸಲ ಇದನ್ನು ಕಂಡಾಗ ನನಗೆ ಚಿಮುಟ ಕೆಳಗಿಡಬೇಕೆನಿಸಿತು. ಇಷ್ಟು ಚಿಕ್ಕದರಲ್ಲಿ ಇಷ್ಟು ಮುಂಚಿತ ಸಿದ್ಧತೆಯನ್ನು ನಾನು ಯಾವ ಗಡಿಯಾರದಲ್ಲೂ ಕಂಡಿರಲಿಲ್ಲ.

ಅಂಚಿನ ನಾಲಿಗೆ ಹೂವನ್ನೂ ಒಂದು ಬಿಡಿಸಿ ಪಕ್ಕದಲ್ಲಿಡಿ. ಅದರಲ್ಲಿ ಕೇಸರಗಳಿಲ್ಲ, ಅದು ಬರಿಯ ಹೆಣ್ಣುಹೂ. ನಡುವಿನ ಕೊಳವೆಹೂಗಳಲ್ಲಿ ಗಂಡೂ ಇದೆ, ಹೆಣ್ಣೂ ಇದೆ.

ಮುಖ ಓದುವುದು

ಇನ್ನು ಕತ್ತರಿಸುವುದು ಬೇಡ. ಗಿಡದ ಪಕ್ಕದಲ್ಲೇ ಕೂತು, ಗಿಡದಲ್ಲಿರುವ ಹೂವನ್ನೇ ಮೇಲಿನಿಂದ ನೋಡಿ.

ಕೊಳವೆಹೂಗಳು ಒಟ್ಟಿಗೆ ತೆರೆಯುವುದಿಲ್ಲ. ಅಂಚಿನ ಸುತ್ತು ಮೊದಲು, ಆಮೇಲೆ ಅದರ ಒಳಗಿನದು, ಹೀಗೆ ಒಳಗೊಳಗೆ ಸರಿಯುತ್ತ ಕೊನೆಗೆ ನಟ್ಟನಡುವಿನ ಹೂಗಳು. ಹಾಗಾಗಿ ಯಾವುದೇ ಹೊತ್ತಿನಲ್ಲಿ ನೋಡಿದರೂ ಹೂವಿನ ಮುಖದಲ್ಲಿ ಬೇರೆ ಬೇರೆ ಪ್ರಾಯದ ಉಂಗುರಗಳಿರುತ್ತವೆ. ನಡುವೆ ಇನ್ನೂ ಮುಚ್ಚಿದ ಮೊಗ್ಗುಗಳ ಗುಂಪು, ರಾಗಿಕಾಳು ಒಟ್ಟಿದ ಹಾಗೆ. ಅದರ ಹೊರಗೆ ಆಗತಾನೇ ತೆರೆದ, ಪರಾಗ ಹೊತ್ತ ಸುತ್ತು. ಅದರ ಹೊರಗೆ ಪರಾಗ ಮುಗಿದ ಸುತ್ತು.

ಆ ಎರಡು ಸುತ್ತುಗಳನ್ನು ಬೇರೆ ಮಾಡಿ ನೋಡುವುದಕ್ಕೆ ಒಳಗಿನ ಯಂತ್ರ ಗೊತ್ತಿರಬೇಕು. ಕೊಳವೆಹೂವಿನ ಐದು ಪರಾಗಕೋಶಗಳು ಅಂಚಿಗೆ ಅಂಚು ಅಂಟಿ ತಾವೇ ಒಂದು ಕೊಳವೆಯಾಗಿವೆ. ಪರಾಗ ಸುರಿಯುವುದು ಹೊರಕ್ಕಲ್ಲ, ಆ ಕೊಳವೆಯ ಒಳಕ್ಕೆ. ಕೆಳಗಿನಿಂದ ಶಲಾಕೆ, ಅಂದರೆ ಹೂವಿನ ಹೆಣ್ಣುಭಾಗದ ಕಡ್ಡಿ, ಮೇಲೇಳುತ್ತದೆ. ಸೈಕಲ್ ಪಂಪಿನಲ್ಲಿ ಕಡ್ಡಿ ಸರಿದ ಹಾಗೆ ಸರಿದು ಪರಾಗವನ್ನು ತಳ್ಳಿಕೊಂಡು ಬಾಯಿಗೆ ತರುತ್ತದೆ. ಆಗ ಲೂಪಿನಲ್ಲಿ ನೋಡಿದರೆ ಪ್ರತಿ ಹೂವಿನ ತುದಿಯಲ್ಲೂ ಒಂದು ಹಳದಿ ಹುಡಿಯ ಟೋಪಿ. ಇದು ಗಂಡಿನ ಹೊತ್ತು. ಪರಾಗವನ್ನು ಕೀಟಗಳು ಒಯ್ದ ಮೇಲೆ ಅದೇ ಕಡ್ಡಿ ತುದಿಯಲ್ಲಿ ಎರಡಾಗಿ ಸೀಳಿ, ಎರಡೂ ಕವಲುಗಳು ಹೊರಕ್ಕೆ ಸುರುಳಿಯಾಗಿ ಬಾಗುತ್ತವೆ, ಟಗರಿನ ಕೊಂಬಿನ ಹಾಗೆ. ಇದು ಹೆಣ್ಣಿನ ಹೊತ್ತು, ಈಗ ಬೇರೆ ಹೂವಿನ ಪರಾಗವನ್ನು ಅದು ಹಿಡಿಯಬಲ್ಲದು.

ಹೀಗಾಗಿ ಓದುವ ಕ್ರಮ ಇಷ್ಟು. ಹೊರಸುತ್ತಿನಲ್ಲಿ ಮಾತ್ರ ಹಳದಿ ಟೋಪಿಗಳಿದ್ದು ಉಳಿದದ್ದೆಲ್ಲ ಮೊಗ್ಗಾಗಿದ್ದರೆ ಹೂ ಆಗತಾನೇ ತೊಡಗಿದೆ. ಹೊರಗೆ ಕೊಂಬುಗಳು, ಅದರ ಒಳಗೆ ಟೋಪಿಗಳು, ನಟ್ಟನಡುವೆ ಬೆರಳೆಣಿಕೆಯ ಮೊಗ್ಗುಗಳಿದ್ದರೆ ನಡುಪ್ರಾಯ. ಮೊಗ್ಗೇ ಉಳಿದಿಲ್ಲ, ಅಂಚಿನ ನಾಲಿಗೆಗಳು ಬಾಡುತ್ತಿವೆ ಎಂದರೆ ಕೆಲಸ ಮುಗಿಯುತ್ತಿದೆ. ಮೊದಲ ದಿನ ಐದು ಹೂ ನೋಡಿ, ಪುಸ್ತಕದಲ್ಲಿ ಒಂದರೊಳಗೊಂದು ಮೂರು ವೃತ್ತ ಬರೆದು ಯಾವ ಸುತ್ತಿನಲ್ಲಿ ಏನಿದೆ ಎಂದು ಗುರುತು ಹಾಕಿ: ಮೊಗ್ಗಿಗೆ ಚುಕ್ಕೆ, ಟೋಪಿಗೆ ಗೆರೆ, ಕೊಂಬಿಗೆ ಕವಲು ಗೆರೆ. ಎರಡನೆಯ ದಿನ ಅದೇ ಐದನ್ನು ಮತ್ತೆ ಬರೆಯಿರಿ. ಉಂಗುರ ಒಳಕ್ಕೆ ಸರಿದದ್ದು ಕಾಗದದ ಮೇಲೆ ಕಂಡಾಗ ಆಗುವ ಸಂತೋಷಕ್ಕೆ ವಯಸ್ಸಿನ ಭೇದವಿಲ್ಲ.

ಹೂ ನೋಡಿ ಹೊತ್ತು ಹೇಳುವ ಯೋಚನೆ ಹಳೆಯದು. ಲಿನೇಯಸ್ 1751ರ ತನ್ನ ಗ್ರಂಥದಲ್ಲಿ, ಯಾವ ಹೂ ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬ ಪಟ್ಟಿ ಕೊಟ್ಟಿದ್ದಾನೆ. ಹೂಗಳ ಗಡಿಯಾರ ಎಂದು ಅದನ್ನು ಕರೆಯುತ್ತಾರೆ. ಚಿಕೋರಿ, ಡ್ಯಾಂಡಿಲಯನ್ ಮುಂತಾಗಿ ಈ ಕುಟುಂಬದವೇ ಅದರಲ್ಲಿ ಹಲವು. ಆದರೆ ಅವನು ಗಂಟೆ ಬರೆದದ್ದು ಸ್ವೀಡನ್ನಿನ ಉಪ್ಸಾಲದ ಹಗಲಿಗೆ. ಬೇಸಿಗೆಯಲ್ಲಿ ಅಲ್ಲಿ ಹಗಲು ತೀರ ಉದ್ದ. ಬೇರೆ ಅಕ್ಷಾಂಶದಲ್ಲಿ ಆ ಗಂಟೆಗಳು ಹೊಂದುವುದಿಲ್ಲ. ಆದ್ದರಿಂದ ಯಾರದೋ ಪಟ್ಟಿ ನೋಡದೆ ನಿಮ್ಮ ಗಿಡದ ಗಂಟೆಯನ್ನು ನೀವೇ ಬರೆದುಕೊಳ್ಳಿ.

ದಾರ ಕಟ್ಟಿ ಕಾಯುವುದು

ಹೂ ಬಾಡಿದ ಮೇಲೆ ಹೆಚ್ಚಿನವರು ನೋಡುವುದು ಬಿಡುತ್ತಾರೆ. ನನಗೆ ಅಚ್ಚುಮೆಚ್ಚಿನ ಭಾಗ ಶುರುವಾಗುವುದೇ ಅಲ್ಲಿಂದ.

ಮೊಗ್ಗಿದ್ದಾಗಲೇ ಕಡ್ಡಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ ತಾರೀಖು ಬರೆದುಕೊಳ್ಳಿ. ಕಡ್ಡಿಗೆ ಕಡ್ಡಿಗೆ ಬೇರೆ ಬಣ್ಣ. ನನ್ನ ಕೈಯಲ್ಲಿ ಮೊದಲ ವರ್ಷ ದಾರವೆಲ್ಲ ಕೆಂಪೇ ಆಗಿತ್ತು, ಹನ್ನೊಂದು ಹೂಗಳಲ್ಲಿ ಯಾವುದು ಯಾವುದೆಂದು ತಿಳಿಯದೆ ಒಂದು ತಿಂಗಳ ಟಿಪ್ಪಣಿ ವ್ಯರ್ಥವಾಯಿತು. ನಾಲಿಗೆಗಳು ಉದುರಿದ ಮೇಲೆ ಹಸಿರು ಬಟ್ಟಲು ಮತ್ತೆ ಮುಚ್ಚಿಕೊಂಡಂತಾಗುತ್ತದೆ, ಒಳಗೆ ಬೀಜ ಬಲಿಯುತ್ತಿರುತ್ತದೆ. ಎಷ್ಟು ದಿನ ಎಂಬುದು ಬಿಸಿಲು, ತೇವ ನೋಡಿ ಹೆಚ್ಚುಕಡಿಮೆಯಾಗುತ್ತದೆ, ನಿಮ್ಮ ದಾರವೇ ಅದನ್ನು ಹೇಳಬೇಕು. ಒಂದು ಒಣ ಹಗಲಿನಲ್ಲಿ ಬಟ್ಟಲ ಎಲೆಗಳು ಹಿಂದಕ್ಕೆ ಬಾಗಿ, ಒಳಗೆ ಮಡಚಿಕೊಂಡಿದ್ದ ಕೂದಲೆಲ್ಲ ಬಿಚ್ಚಿ, ಬೂದುಬಿಳುಪಿನ ಗುಂಡಾದ ಚೆಂಡೊಂದು ಕಡ್ಡಿಯ ಮೇಲೆ ಮೂಡಿರುತ್ತದೆ.

ಉಸಿರು ಬಿಗಿಹಿಡಿದು ಚಿಮುಟದಿಂದ ಒಂದೇ ಬೀಜ ತೆಗೆಯಿರಿ, ಕಪ್ಪು ಹಾಳೆಗೆ ತನ್ನಿ. ಬೀಜ ಎರಡು ಮಿಲಿಮೀಟರಿನಷ್ಟು, ಕಪ್ಪು ಅಥವಾ ಕಂದು, ಮೈಯೆಲ್ಲ ರೇಷ್ಮೆ ರೋಮ. ನೆತ್ತಿಯಲ್ಲಿ ಸುಮಾರು ಇಪ್ಪತ್ತು ಕಡ್ಡಿಗಳು, ಒಂದು ಉದ್ದ ಒಂದು ಗಿಡ್ಡ. ಲೂಪಿನಲ್ಲಿ ನೋಡಿದರೆ ಒಂದೊಂದು ಕಡ್ಡಿಯೂ ಹಕ್ಕಿಯ ಗರಿ: ನಡುವೆ ದಿಂಡು, ಎರಡೂ ಕಡೆ ಎಳೆಗಳು. ಅಂಚಿನ ನಾಲಿಗೆಹೂಗಳಿಂದ ಬಂದ ಬೀಜಕ್ಕೆ ಗರಿ ಗಿಡ್ಡ, ನಡುವಿನವಕ್ಕೆ ಉದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಎತ್ತರದಿಂದ ಬಿಟ್ಟು ನೋಡಿ. ಗಾಳಿಯಾಡದ ಕೋಣೆ, ತಲೆಯೆತ್ತರದಿಂದ ಬಿಡುವವರೊಬ್ಬರು, ಸ್ಟಾಪ್‌ವಾಚ್ ಹಿಡಿದವರೊಬ್ಬರು. ಹತ್ತು ಸಲ ಬಿಟ್ಟು ಸರಾಸರಿ ತೆಗೆಯಿರಿ. ಮಕ್ಕಳಿಗೆ ಕೊಡಬಹುದಾದ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ.

ಇದರ ದಾಯಾದಿ ಡ್ಯಾಂಡಿಲಯನ್ನಿನ ಬೀಜ ಗಾಳಿಯಲ್ಲಿ ಅಷ್ಟು ಹೊತ್ತು ತೇಲುವುದು ಹೇಗೆಂದು 2018ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಕೂದಲುಗಳ ನಡುವೆ ನುಸುಳಿದ ಗಾಳಿ ಬೀಜದ ಮೇಲುಗಡೆ ಒಂದು ಉಂಗುರವಾಗಿ ಸುತ್ತುತ್ತ, ಕೂದಲನ್ನು ತಾಗದೆಯೇ ಅಲ್ಲೇ ನಿಲ್ಲುತ್ತದಂತೆ. ಅದು ಬೀಳುವ ವೇಗವನ್ನು ತಡೆಯುತ್ತದೆ. ಡ್ಯಾಂಡಿಲಯನ್ನಿನಲ್ಲಿ ಬೀಜಕ್ಕೂ ಕೂದಲ ಛತ್ರಿಗೂ ನಡುವೆ ಉದ್ದದ ಹಿಡಿಕೆ ಇದೆ. ಟ್ರೈಡಾಕ್ಸಿನಲ್ಲಿ ಹಿಡಿಕೆಯಿಲ್ಲ, ಗರಿ ನೇರವಾಗಿ ಬೀಜದ ತಲೆಯ ಮೇಲೆ ಕೂತಿದೆ.

ಕುಂಡದಲ್ಲಿ ಬೆಳೆಸುವುದು

ದಿನವೂ ಹೊರಗೆ ಹೋಗಿ ಕೂರಲಾಗದವರಿಗೆ ಇದು. ನಿಮ್ಮ ಸುತ್ತ ಈ ಗಿಡ ಆಗಲೇ ಇದ್ದರೆ ಮಾತ್ರ ಬೆಳೆಸಿ. ಇಲ್ಲದ ಕಡೆಗೆ ಬೀಜ ಒಯ್ಯಬೇಡಿ, ದೂರದವರಿಗೆ ಕಳಿಸಲೂ ಬೇಡಿ. ಅಮೆರಿಕ ಸಂಯುಕ್ತ ಸಂಸ್ಥಾನದ ಒಕ್ಕೂಟ ಸರ್ಕಾರ ಇದನ್ನು ಹಾನಿಕರ ಕಳೆಗಳ ಪಟ್ಟಿಯಲ್ಲಿಟ್ಟಿದೆ. ಹೊಲಗಳಲ್ಲಿ ಇದು ಬೆಳೆಗೆ ಪೈಪೋಟಿ ಕೊಡುವ ಕಳೆಯೇ. ನಾನು ಈ ಗಿಡವನ್ನು ಪ್ರೀತಿಸುತ್ತೇನೆ, ಆದರೆ ಅದನ್ನು ಹಬ್ಬಿಸುವುದು ಪ್ರೀತಿಯಲ್ಲ.

ಬೀಜವನ್ನು ಒಣ ಮಧ್ಯಾಹ್ನ ಚೆಂಡು ಬಿಚ್ಚಿದ ದಿನವೇ ಕಾಗದದ ಕವರಿಗೆ ಹಿಡಿಯಿರಿ. ಪ್ಲಾಸ್ಟಿಕ್ ಬೇಡ, ಬೆವರಿ ಬೂಸು ಹಿಡಿಯುತ್ತದೆ. ದಪ್ಪಗೆ ಕಪ್ಪಾದವನ್ನು ಆರಿಸಿ, ತೆಳ್ಳಗೆ ಚಪ್ಪಟೆಯಾಗಿ ಬಿಳಿಚಿದವು ಹೆಚ್ಚಾಗಿ ಜೊಳ್ಳು. ಕುಂಡ ಆರೇಳು ಅಂಗುಲ ಆಳವಿದ್ದರೆ ಸಾಕು, ಅಗಲ ಜಾಸ್ತಿ ಇರಲಿ, ಏಕೆಂದರೆ ಇದು ಹರಡುವ ಗಿಡ. ಕೆಳಗೆ ನೀರು ಬಸಿಯುವ ತೂತು ಇರಲೇಬೇಕು. ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ. ಗೊಬ್ಬರ ಹಾಕಬೇಡಿ, ಕೊಬ್ಬಿದ ಮಣ್ಣಿನಲ್ಲಿ ಎಲೆ ಸೊಕ್ಕಿ ಹೂ ಕಡಿಮೆಯಾದದ್ದನ್ನು ಎರಡು ಸಲ ಕಂಡಿದ್ದೇನೆ.

ಬಿತ್ತುವುದರಲ್ಲಿ ನಾನು ಎಡವಿದೆ. ಬೀಜವೆಂದರೆ ಹೂಳಬೇಕು ಎಂದುಕೊಂಡು ಬೆರಳಿನಿಂದ ಕುಳಿ ಮಾಡಿ ಒಂದು ಗೆಣ್ಣು ಆಳಕ್ಕೆ ಇಟ್ಟು ಮುಚ್ಚಿದೆ. ಮೂರು ವಾರ ನೀರು ಹಾಕಿದರೂ ಏನೂ ಬರಲಿಲ್ಲ. ಅದೇ ಕುಂಡದ ಅಂಚಿಗೆ ಹಾರಿಬಂದು ಬಿದ್ದಿದ್ದ ಒಂದು ಬೀಜ ಮಾತ್ರ ಮೊಳೆತಿತ್ತು. ಅಕ್ಕನಿಗೆ ಫೋನ್ ಮಾಡಿದರೆ, “ಅದಕ್ಕೆ ಬೆಳಕು ಕಂಡರೇನೇ ಮೊಳೆಯೋ ಆಸೆ ಕಣೋ. ನೀನು ಅದನ್ನ ಕತ್ತಲೆಗೆ ಹಾಕಿ ಬಾ ಅಂದರೆ ಎಲ್ಲಿಂದ ಬರುತ್ತೆ?” ಎಂದಳು. ಟ್ರೈಡಾಕ್ಸ್ ಬೀಜದ ಮೊಳಕೆಗೆ ಬೆಳಕು ಪ್ರಚೋದಕ, ಮಣ್ಣಿನ ಮೇಲ್ಮೈಯಲ್ಲಿದ್ದಾಗ ಅತಿ ಹೆಚ್ಚು ಮೊಳೆಯುತ್ತದೆ, ಆಳಕ್ಕೆ ಹೋದಷ್ಟೂ ಕಡಿಮೆ. ಆದ್ದರಿಂದ ಮಣ್ಣನ್ನು ಮೊದಲು ಚೆನ್ನಾಗಿ ನೆನೆಸಿ, ಬೀಜವನ್ನು ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ತಟ್ಟಿ, ಮುಚ್ಚದೆ ಬಿಡಿ. ಆಮೇಲೆ ನೀರನ್ನು ಸುರಿಯದೆ ಸಿಂಪಡಿಸಿ. ಬೆಚ್ಚಗಿನ ದಿನಗಳಲ್ಲಿ ಒಂದು ವಾರದ ಆಚೀಚೆ ಹಸಿರು ಚುಕ್ಕೆಗಳು ಕಾಣತೊಡಗುತ್ತವೆ.

ಬೀಜದ ತಾಪತ್ರಯ ಬೇಡವೆಂದರೆ ಇನ್ನೂ ಸುಲಭದ ದಾರಿಯಿದೆ. ನೆಲಕ್ಕೊರಗಿದ ಕಾಂಡದಲ್ಲಿ ಆಗಲೇ ಬೇರು ಬಿಟ್ಟ ಗೆಣ್ಣು ಹುಡುಕಿ, ಅದರ ಎರಡೂ ಬದಿಗೆ ಒಂದೊಂದು ಅಂಗುಲ ಬಿಟ್ಟು ಕತ್ತರಿಸಿ, ಬೇರಿನ ಮಣ್ಣು ಕಳಚದಂತೆ ಎತ್ತಿ ಕುಂಡಕ್ಕಿಡಿ. ಎರಡು ದಿನ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ ಸರಿಸಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಇಲ್ಲದಿದ್ದರೆ ಗಿಡ ಸೊರಗಿ ನೀಳವಾಗುತ್ತದೆ. ನೀರು ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ.

ಒಂದು ಸಲ ನಾನು ಎಂಟು ದಿನ ಮನೆಯಲ್ಲಿರಲಿಲ್ಲ. ಮಹಡಿಯ ಮೇಲಿನ ಕುಂಡದಲ್ಲಿ ಚೆಂಡುಗಳೆಲ್ಲ ಬಿಚ್ಚಿ ಹಾರಿದ್ದವು. ಮುಂದಿನ ಮಳೆಗೆ ನನ್ನ ಉಳಿದ ಕುಂಡಗಳಲ್ಲೂ ಪಕ್ಕದ ಮನೆಯವರ ಕುಂಡಗಳಲ್ಲೂ ಟ್ರೈಡಾಕ್ಸ್ ಎದ್ದಿತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಒಂದು ಭಾನುವಾರ ಕೂತು ಎಲ್ಲವನ್ನೂ ಕಿತ್ತುಕೊಟ್ಟೆ. ಅಂದಿನಿಂದ ನಿಯಮವೊಂದನ್ನು ಮಾಡಿಕೊಂಡಿದ್ದೇನೆ: ದಾರ ಕಟ್ಟಿದ ಹೂಗಳನ್ನು ಬಿಟ್ಟು ಉಳಿದವನ್ನು ಬಾಡಿದ ಕೂಡಲೇ ಕತ್ತರಿಸುತ್ತೇನೆ; ದಾರ ಕಟ್ಟಿದವಕ್ಕೆ ಬಟ್ಟಲು ಒಣಗುವ ಸೂಚನೆ ಕಂಡೊಡನೆ ತೆಳು ಬಟ್ಟೆಯ ಪುಟ್ಟ ಚೀಲ ಕಟ್ಟುತ್ತೇನೆ.

ಬರುವವರನ್ನು ನೋಡುವುದು

ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಕುಂಡದಿಂದ ಒಂದು ಮೀಟರ್ ದೂರದಲ್ಲಿ, ನಿಮ್ಮ ನೆರಳು ಹೂವಿನ ಮೇಲೆ ಬೀಳದ ಕಡೆ, ಅಲುಗಾಡದೆ ಕೂರಿ. ಮಕರಂದ ಸಣ್ಣ ಕೊಳವೆಗಳ ತಳದಲ್ಲಿರುವುದರಿಂದ ಗಿಡ್ಡ ಹೀರುನಾಲಿಗೆಯ ಚಿಕ್ಕ ಚಿಟ್ಟೆಗಳಿಗೂ ಎಟಕುತ್ತದೆ. ಕಿರುಬೆರಳ ಉಗುರಿನಷ್ಟಿರುವ ನೀಲಿ ಚಿಟ್ಟೆಗಳು, ಹಳದಿ ಚಿಟ್ಟೆಗಳು, ಬಾಣದಂತೆ ಹಾರುವ ಸ್ಕಿಪ್ಪರ್‌ಗಳು, ಕೋಲುಜೇನು, ಮುಜಂಟಿ ಎಲ್ಲವೂ ಬರುತ್ತವೆ. ಬೇರೇನೂ ಹೂಬಿಡದ ಒಣ ದಿನಗಳಲ್ಲೂ ಟ್ರೈಡಾಕ್ಸ್ ಹೂಬಿಟ್ಟುಕೊಂಡಿರುವುದರಿಂದ ಸಣ್ಣ ಜೀವಗಳಿಗೆ ಇದು ದೊಡ್ಡ ಆಸರೆ.

ಚಿಟ್ಟೆ ಕೂತಾಗ ರೆಕ್ಕೆ ನೋಡಬೇಡಿ, ಹೀರುನಾಲಿಗೆ ನೋಡಿ. ಹೂವಿನ ಮುಖದ ಮೇಲೆ ಅದು ಸುತ್ತು ತಿರುಗುತ್ತ ಒಂದೊಂದೇ ಕೊಳವೆಗೆ ನಾಲಿಗೆ ಇಳಿಸುತ್ತದೆ, ತೆರೆದ ಸುತ್ತಿನಲ್ಲಿ ಮಾತ್ರ. ನಡುವಿನ ಮೊಗ್ಗುಗಳಿಂದ ಅದಕ್ಕೆ ಸಿಗುವುದೇನೂ ಇಲ್ಲ. ನಾವು ಲೂಪ್ ಹಿಡಿದು ಕಲಿತ ಉಂಗುರದ ಲೆಕ್ಕ ಅದಕ್ಕೆ ಕಾಲಿನಲ್ಲೇ ಇದೆ. ಎಷ್ಟು ಕೊಳವೆಗೆ ನಾಲಿಗೆ ಇಳಿಯಿತೆಂದು ಎಣಿಸಿ ಬರೆದುಕೊಳ್ಳಿ, ಅದೇ ದಿನದ ಉಂಗುರದ ಚಿತ್ರದ ಪಕ್ಕದಲ್ಲಿ.

ಈ ಗಿಡದ ಔಷಧಿಗುಣದ ಬಗ್ಗೆ ಬಹಳ ಮಾತು ಕೇಳುತ್ತೀರಿ, ಗಾಯಕ್ಕೆ ಎಲೆ ಹಿಂಡುವುದು ಮುಂತಾಗಿ. ನಾನು ಆ ದಾರಿಗೆ ಹೋಗಿಲ್ಲ, ನಿಮಗೂ ಹೇಳುವುದಿಲ್ಲ. ರಸ್ತೆಯಂಚಿನ ಎಲೆಯಲ್ಲಿ ಏನೇನು ಧೂಳು, ಕಳೆನಾಶಕ ಕೂತಿರುತ್ತದೋ. ತೆರೆದ ಗಾಯಕ್ಕೆ ಅದು ಹೋಗಬಾರದು. ಸೇವಂತಿಗೆ ಕುಟುಂಬದ ಹೂಗಳಿಂದ ಸೀನು, ತುರಿಕೆ ಬರುವವರು ಕೈಗವಸು ಹಾಕಿಕೊಂಡು ಮುಟ್ಟಿ.

ಟ್ರೈಡಾಕ್ಸ್ ಒಂದೇ ಹಂಗಾಮಿನ ಗಿಡವಲ್ಲ, ವರ್ಷದಿಂದ ವರ್ಷಕ್ಕೆ ಉಳಿಯುವಂಥದು. ಒಂದೆರಡು ವರ್ಷದ ಮೇಲೆ ಕುಂಡದಲ್ಲಿ ಬುಡ ಮರದಂತಾಗಿ, ಕೆಳಗಿನ ಎಲೆ ಉದುರಿ, ಗಿಡ ಹಳಸಿದಂತೆ ಕಾಣುತ್ತದೆ. ಆಗ ಕಿತ್ತು ಬಿಸಾಡಬೇಡಿ. ಮಳೆ ಶುರುವಾಗುವ ಹೊತ್ತಿಗೆ ಪ್ರತಿ ಕೊಂಬೆಯನ್ನೂ ಬುಡದಿಂದ ಎರಡು ಗೆಣ್ಣು ಮಾತ್ರ ಉಳಿಸಿ ಚೊಕ್ಕವಾಗಿ ಕತ್ತರಿಸಿ, ಮೇಲ್ಮಣ್ಣನ್ನು ಒಂದಂಗುಲ ಕೆರೆದು ಹೊಸ ಮರಳುಮಣ್ಣು ತುಂಬಿ, ಒಮ್ಮೆ ಚೆನ್ನಾಗಿ ನೀರು ಕೊಡಿ. ಉಳಿದ ಗೆಣ್ಣುಗಳಲ್ಲಿ, ಎಲೆ ಉದುರಿದ ಗಾಯದ ಸ್ವಲ್ಪ ಮೇಲೆ, ರೋಮ ಮುಚ್ಚಿದ ಎರಡು ಚಿಗುರುಗಳು ಎದುರುಬದುರಾಗಿ ಹೊರಡುತ್ತವೆ. ಬರಿಗಣ್ಣಿಗೆ ಕಾಣುವ ಎರಡು ದಿನ ಮೊದಲೇ ಅವು ಲೂಪಿಗೆ ಕಾಣುತ್ತವೆ.